ಕಾಗೆ ಒದರಿದ ದಿನ

ಶಕುನ ಎಂಬ ಮಾತಿಗೆ ಸಂಸ್ಕೃತದಲ್ಲಿ ಮೊದಲಿದ್ದ ಅರ್ಥ ಹಕ್ಕಿ ಎಂದು ಕಾಲೇಜಿನಲ್ಲಿ ಮಾಸ್ತರರು ಹೇಳಿದಾಗ ಎಲ್ಲರೂ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ. ನನಗದು ಎಪ್ಪತ್ತರ ದಶಕದಲ್ಲೇ, ಹೂವಿನ ಹಿಪ್ಪರಗಿಯ ನಮ್ಮ ಮನೆಯಲ್ಲೇ ಗೊತ್ತಾಗಿತ್ತು.

ಅವತ್ತು ಮಾಳಿಗೆಯ ಮೇಲೆ ಕಾಗೆ ಒಂದೇ ಸಮನೆ ಒದರಿತು. "ಯಾರೋ ಬರ್ತಾರ ನೋಡು," ಎಂದು ಅಜ್ಜಿ ಯಾವಾಗಿನಂತೆ ಎರಡು ರೊಟ್ಟಿ ಹೆಚ್ಚಿಗೆ ಬಡಿದಳು. ತಾಳಿಕೋಟೆಗೆ ಕೊಟ್ಟ ಅಕ್ಕನೇ ಬರುತ್ತಾಳೆಂದು ನಾನು ಹಾದಿ ನೋಡುತ್ತ ಕುಳಿತೆ.

ಬಸ್ಸಿಳಿದು ಬಂದವನು ಅಕ್ಕನ ಮೈದುನ.

"ಒಳಗ ಬರ್ರಿ, ನೀರು ತಗೋರಿ," ಅಂದಳು ಅಜ್ಜಿ.

ಅವನು ಹೊಸ್ತಿಲು ದಾಟಲಿಲ್ಲ, ತಂಬಿಗೆ ಮುಟ್ಟಲಿಲ್ಲ. ಸಾವಿನ ಸುದ್ದಿ ತಂದವರು ನಮ್ಮಲ್ಲಿ ನೀರು ಕುಡಿಯುವುದಿಲ್ಲ. ಅಜ್ಜಿ ಏನೂ ಕೇಳದೆ ಒಲೆಗೆ ನೀರು ಸುರಿದು, ಮಾಡಿದ್ದನ್ನೆಲ್ಲ ಹೊರಗೆ ಚೆಲ್ಲಿದಳು.

ಅಕ್ಕನಿಗೆಂದು ಬಡಿದ ರೊಟ್ಟಿಯನ್ನು ಆ ಹಾಳು ಕಾಗೆಯೇ ತಿಂದಿತು.