ಸಿಂಧುವಿನ ಫೋನು, ಭಾವನ ಮೀಟಿಂಗು

“ಫ್ರೆಂಡ್‌ಶಿಪ್ ಕರೋಗಿ?”

ಕಳೆದ ಭಾನುವಾರ ಮಧ್ಯಾಹ್ನ ದೆಹಲಿಯ ಗಡಿಯಾಚೆ ಇಂದಿರಾಪುರಂನಲ್ಲಿರುವ ಅಕ್ಕನ ಮನೆಯಲ್ಲಿ ಬಿಸಿಬೇಳೆಬಾತಿಗೆ ತುಪ್ಪ ಬೀಳುವ ಹೊತ್ತಿಗೆ ಯಾರೋ ಫೋನ್ ಮಾಡಿ ಹೀಗೆ ಕೇಳಿದ. ನನ್ನನ್ನಲ್ಲ. (ಈ ವಯಸ್ಸಿನಲ್ಲಿ ನನ್ನನ್ನು ಯಾರು ಕೇಳುತ್ತಾರೆ?) ಅವನಿಗೆ ಬೇಕಾಗಿದ್ದು ಅಕ್ಕನ ಮಗಳು ಸಿಂಧು. ಆದರೆ ಅವಳ ಮೊಬೈಲ್ ಎತ್ತಿಕೊಂಡವರು ಅವಳ ಅಪ್ಪ, ಅಂದರೆ ನನ್ನ ಭಾವ. ಕೇಂದ್ರ ಸರ್ಕಾರದಲ್ಲಿ ಅಂಡರ್ ಸೆಕ್ರೆಟರಿ. ರಿಟೈರ್‌ಮೆಂಟ್ ಹತ್ತಿರ. ಅವರ ಹತ್ತಿರ ಫ್ರೆಂಡ್‌ಶಿಪ್ ಬೇಡುವ ಧೈರ್ಯ ಇದುವರೆಗೆ ಯಾರೂ ಮಾಡಿರಲಿಲ್ಲ.

“ಆಪ್ ಕೌನ್ ಬೋಲ್ ರಹೇ ಹೈಂ? ಕಿಸ್ ವಿಷಯ್ ಮೇಂ?” ಎಂದು ಭಾವ ಆಫೀಸಿನ ಗತ್ತಿನಲ್ಲೇ ಯಾರು, ಯಾವ ವಿಷಯ ಅಂತ ವಿಚಾರಿಸಿದರು. ಆ ಕಡೆಯವನು ಕಟ್ ಮಾಡಿದ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಸಿಂಧು ನಗಲಿಲ್ಲ. ಅವಳ ತಟ್ಟೆಯಲ್ಲಿ ಬಾತು ಹಾಗೇ ಇತ್ತು.

“ಚಿಕ್ಕಮ್ಮ, ಇದು ಫಸ್ಟ್ ಕಾಲ್ ಅಲ್ಲ. ಬೆಳಗ್ಗೆಯಿಂದ ಹೀಗೇ. ಚುಪ್ ಹೀ ನಹೀಂ ಹೋ ರಹಾ, ಫೋನ್ ಸುಮ್ಮನಾಗ್ತಾನೇ ಇಲ್ಲ,” ಎಂದಳು. ಅಷ್ಟರಲ್ಲಿ ಮತ್ತೆ ರಿಂಗಾಯಿತು.

ವಿಷಯ ಇಷ್ಟು. ಈಗಿನ ಹುಡುಗರೆಲ್ಲ ಫೋಟೋ ಹಾಕಿಕೊಂಡು ಹರಟುವ ಸೈಟ್ ಒಂದಿದೆಯಲ್ಲ, ಅದರಲ್ಲಿ ಯಾರೋ ಸಿಂಧುವಿನ ಹೆಸರಿನಲ್ಲಿ ಸುಳ್ಳು ಪ್ರೊಫೈಲ್ ತೆರೆದಿದ್ದಾರೆ. ಫೋಟೋ ಅವಳದೇ, ಗೆಳತಿಯ ಮದುವೆಯಲ್ಲಿ ತೆಗೆದದ್ದು. ಮೊಬೈಲ್ ನಂಬರೂ ಅವಳದೇ. ಕೆಳಗೆ ಅವಳು ಬರೆಯದ ಮಾತು: ನಾನು ಒಂಟಿ, ಯಾವಾಗ ಬೇಕಾದರೂ ಫೋನ್ ಮಾಡಿ. ಉಳಿದದ್ದನ್ನು ಇಲ್ಲಿ ಬರೆಯಲಾರೆ. ಓದಿದ ಮೇಲೆ ನನಗೂ ಊಟ ಸೇರಲಿಲ್ಲ.

ಮಾಡಿದ್ದು ಯಾರು? ಗೊತ್ತಿಲ್ಲ. ಪಕ್ಕದ ಬ್ಲಾಕಿನವನೋ, ಕಾಲೇಜಿನಲ್ಲಿ ಜೊತೆಗಿದ್ದವನೋ, ಸಾವಿರ ಮೈಲಿ ದೂರದವನೋ.

ಸಿಂಧು ಗುರಗಾಂವ್‌ನ ಐಟಿ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ. ಅಷ್ಟು ದೂರ ಕ್ಯಾಬಿನಲ್ಲಿ ಹೋಗಿಬರಲು ಅಪ್ಪನನ್ನು ಒಪ್ಪಿಸುವುದಕ್ಕೇ ಅವಳು ಮನೆಯಲ್ಲಿ ಮಹಾಯುದ್ಧ ಮಾಡಿದ್ದಳು. ಅಕ್ಕನ ಮುಖ ನೋಡಿದೆ. ಗೆದ್ದ ಆ ಯುದ್ಧ ಇವತ್ತು ಕೈಬಿಟ್ಟು ಹೋಗಬಹುದು ಅನ್ನಿಸಿತು.

ಈಗ ಒಂದು ವಿಚಿತ್ರ ಹೇಳುತ್ತೇನೆ. ಸೈಬರ್ ಅಪರಾಧವನ್ನು ಎದುರಿಸಲು ಸರ್ಕಾರದ ಎಲ್ಲ ಇಲಾಖೆಗಳೂ ಒಟ್ಟಾಗಬೇಕು ಅಂತ ದೆಹಲಿಯಲ್ಲಿ ಒಂದು ಕಮಿಟಿ ಆಗಿದೆ. ಗೃಹ, ಐಟಿ, ಟೆಲಿಕಾಂ, ಕಾನೂನು, ಜೊತೆಗೆ ರಾಜ್ಯಗಳ ಪೊಲೀಸರು. ಅದರ ಮೀಟಿಂಗುಗಳ ಏರ್ಪಾಟು ಯಾರದು? ನಮ್ಮ ಭಾವನ ಸೆಕ್ಷನ್ನಿನದು! ಯಾರ ಪಕ್ಕ ಯಾರು ಕೂರಬೇಕು, ಯಾರ ಕುರ್ಚಿಗೆ ಬಿಳಿ ಟವೆಲ್ ಹಾಕಬೇಕು, ಸಮೋಸ ಯಾವ ಹೊತ್ತಿಗೆ ಒಳಗೆ ಬರಬೇಕು, ಎಲ್ಲ ಅವರೇ ನೋಡಬೇಕು. (ಟವೆಲ್ ತಪ್ಪಿದರೆ ದೊಡ್ಡ ಸಾಹೇಬರು ಮುನಿಸಿಕೊಳ್ಳುತ್ತಾರಂತೆ.)

“ಯೋಚನೆ ಮಾಡಬೇಡಿ. ಇದಕ್ಕೆಲ್ಲ ಒಂದು ಕೋಆರ್ಡಿನೇಟೆಡ್ ಅಪ್ರೋಚ್ ಬರ್ತಾ ಇದೆ,” ಎಂದರು ಭಾವ.

“ಯಾವಾಗ ಅಪ್ಪಾ?”

“ಡ್ರಾಫ್ಟ್ ಸರ್ಕ್ಯುಲೇಷನ್‌ನಲ್ಲಿದೆ.”

ಸರ್ಕ್ಯುಲೇಷನ್! ಅಂದರೆ ಕರಡು ಮೇಜಿನಿಂದ ಮೇಜಿಗೆ ಸುತ್ತುತ್ತಿದೆ ಅಂತ. ಆ ಪದದ ಮೇಲೆ ಸರ್ಕಾರಿ ನೌಕರರಿಗಿರುವ ಭಕ್ತಿ ದೇವರ ಮೇಲೂ ಇರಲಿಕ್ಕಿಲ್ಲ. ಅದೇ ಭಕ್ತಿಯಿಂದ ಭಾವ ಅವತ್ತು ಸಂಜೆ ಒಂದು ಕೆಲಸ ಮಾಡಿದರು. ದೆಹಲಿಯ ಕನ್ನಡ ಮನೆಗಳೆಲ್ಲ ಸೇರಿಕೊಂಡಿರುವ ಇಮೇಲ್ ಗುಂಪಿಗೆ ನೀಟಾಗಿ ಒಂದು ಮೇಲ್ ಕಳಿಸಿದರು. ‘ಎಲ್ಲರ ಗಮನಕ್ಕೆ: ಕೆಳಗಿನ ಪ್ರೊಫೈಲ್ ನನ್ನ ಮಗಳದ್ದಲ್ಲ, ದಯವಿಟ್ಟು ಕಡೆಗಣಿಸುವುದು.’ ಕಡೆಗಣಿಸಬೇಕಾದದ್ದು ಯಾವುದೆಂದು ಸ್ಪಷ್ಟವಾಗಲಿ ಅಂತ ಅದರ ಲಿಂಕನ್ನೂ ಹಾಕಿದರು. ಫೈಲಿಗೆ ಅನುಬಂಧ ಲಗತ್ತಿಸಿ ಅಭ್ಯಾಸ ನೋಡಿ!

ಆಮೇಲೆ ಕೇಳಬೇಕೆ? ಆ ಸೈಟಿನ ಹೆಸರನ್ನೇ ಕೇಳದಿದ್ದ ವಸಂತ್ ಕುಂಜ್‌ನ ನನ್ನ ನೆರೆಯವರು ಲಿಂಕ್ ಒತ್ತಿ ನೋಡಿದರು. ಪೀತಮ್‌ಪುರದವರು ಅಯ್ಯೋ ಪಾಪ ಅಂತ ಮರುಕಪಟ್ಟು ಮತ್ತಷ್ಟು ಜನಕ್ಕೆ ಫಾರ್ವರ್ಡ್ ಮಾಡಿದರು. ಸಂಬಂಧದ ಮಾತು ತಂದಿದ್ದ ಒಂದು ಮನೆಯವರು ಮಾತ್ರ ಏನೂ ಹೇಳದೆ ಸುಮ್ಮನಾದರು. ಅಪರಿಚಿತರು ಹಚ್ಚಿದ ಬೆಂಕಿಗೆ ಪರಿಚಿತರು ಗಾಳಿ ಹಾಕಿದ್ದರು, ಅದೂ ಒಳ್ಳೆಯ ಮನಸ್ಸಿನಿಂದ.

ಸೋಮವಾರ ನಾನೂ ಭಾವನೂ ಸಿಂಧುವನ್ನು ಕರೆದುಕೊಂಡು ಪೊಲೀಸರ ಬಳಿ ಹೋದೆವು. ಮನೆಯ ಕಡೆಯ ಠಾಣೆಯಲ್ಲಿ ಸಾಹೇಬರು ಸಮಾಧಾನದಿಂದಲೇ ಕೇಳಿದರು. ಕೊನೆಗೆ, “ಸಿಮ್ ಎಲ್ಲಿಯದು? ದಿಲ್ಲಿಯದಾ? ಹಾಗಿದ್ರೆ ದಿಲ್ಲಿಗೆ ಹೋಗಿ,” ಎಂದರು. ಗಡಿ ದಾಟಿ ದೆಹಲಿಗೆ ಬಂದೆವು. ಅಲ್ಲಿಯವರು, “ಮನೆ ಉತ್ತರ ಪ್ರದೇಶದಲ್ಲಿ, ಹುಡುಗಿ ಕಂಪ್ಯೂಟರ್ ನೋಡೋದು ಹರಿಯಾಣದ ಆಫೀಸಲ್ಲಿ. ನಾವೇನು ಮಾಡೋಣ?” ಎಂದು ನಮ್ಮನ್ನೇ ಕೇಳಿದರು. ಮೇಲಾಗಿ ಐಟಿ ಕಾನೂನಿನ ಕೇಸನ್ನು ಡಿಎಸ್‌ಪಿ ದರ್ಜೆಯವರೇ ತನಿಖೆ ಮಾಡಬೇಕಂತೆ, ಠಾಣೆಯವರು ಮುಟ್ಟುವಂತಿಲ್ಲವಂತೆ. ಸೈಟಿನ ಕಂಪನಿ ಅಮೆರಿಕದ್ದು, ಅವರಿಗೆ ಬರೆದು ಉತ್ತರ ಬರುವ ತನಕ ಕಾಯಬೇಕಂತೆ.

“ಸರ್, ಅವನು ಪ್ರೊಫೈಲ್ ಮಾಡುವಾಗ ಯಾವ ರಾಜ್ಯ ಅಂತ ಯೋಚನೆ ಮಾಡಿದ್ನಾ?” ಎಂದು ಸಿಂಧು ಹಿಂದಿಯಲ್ಲಿ ಕೇಳಿದಳು.

ಅಲ್ಲಿಯ ಸಾಹೇಬರು ಅವಳ ಕಡೆ ನೋಡಲಿಲ್ಲ. ಭಾವನಿಗೆ ಹೇಳಿದರು, “ಬೇಟಿ ಕಾ ನಂಬರ್ ಬದಲ್‌ವಾ ದೀಜಿಯೇ. ಕುಛ್ ದಿನ್ ಘರ್ ಪೇ ರಖಿಯೇ.” ನಂಬರ್ ಬದಲಾಯಿಸಿ, ಮಗಳನ್ನು ಸ್ವಲ್ಪ ದಿನ ಮನೆಯಲ್ಲೇ ಇಟ್ಟುಕೊಳ್ಳಿ.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಸಾಹೇಬರೊಬ್ಬರನ್ನೇ ಬೈದು ಏನು ಪ್ರಯೋಜನ? ಅಕ್ಕನ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಅದನ್ನೇ ಹೇಳಿದರು. ಅಕ್ಕನ ಮನೆಗೆ ಹಾಲು ತರುವ ಭಯ್ಯಾ ಅದನ್ನೇ ಹೇಳಿದ. ಆಫೀಸಿನ ಎಚ್‌ಆರ್ ಮೇಡಂ ಇಂಗ್ಲಿಷಿನಲ್ಲಿ ನಯವಾಗಿ, “ಟೇಕ್ ಎ ಬ್ರೇಕ್ ಡಿಯರ್,” ಎಂದರಂತೆ. ಅಕ್ಕ ಅಳುತ್ತಾ ಅದನ್ನೇ ಹೇಳಿದಳು. ಯಾರೂ ಯಾರನ್ನೂ ಕೇಳಿಕೊಂಡು ಬಂದಿರಲಿಲ್ಲ, ಆದರೂ ಎಲ್ಲರ ಬಾಯಲ್ಲೂ ಒಂದೇ ಮಾತು. ಕಮಿಟಿ ಇಲ್ಲ, ಡ್ರಾಫ್ಟ್ ಇಲ್ಲ, ಸಮೋಸ ಇಲ್ಲ. ಹುಡುಗಿಯನ್ನು ಮನೆಯಲ್ಲಿ ಕೂರಿಸುವ ವಿಷಯ ಬಂದಾಗ ಈ ದೇಶದಲ್ಲಿ ಎಂಥ ಕೋಆರ್ಡಿನೇಷನ್ ಇದೆ ನೋಡಿ!

ಮಂಗಳವಾರ ಭಾವ ಮಗಳ ಸಿಮ್ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. “ಪೇಪರ್ ಹಾಕಿಬಿಡು. ಎಲ್ಲ ತಣ್ಣಗಾದ ಮೇಲೆ ಇಲ್ಲೇ ಹತ್ತಿರ ಕೆಲಸ ನೋಡೋಣ,” ಎಂದರು. ರಾಜೀನಾಮೆ ಕೊಡು ಅಂತ. ಭಾವ ಕೆಟ್ಟವರಲ್ಲ, ಹೆದರಿದ್ದಾರೆ. ನನಗೆ ಅವರ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

“ನಿಮ್ಮ ಮೀಟಿಂಗ್‌ನಲ್ಲಿ ನನ್ನ ಕೇಸ್ ಹೇಳಿದ್ರಾ ಅಪ್ಪಾ?” ಎಂದಳು ಸಿಂಧು.

“ಅದು ಪಾಲಿಸಿ ಲೆವೆಲ್ ಮೀಟಿಂಗ್ ಮಗಳೇ. ಅಲ್ಲಿ ಇಂಡಿವಿಜುಯಲ್ ಕೇಸ್ ಎಲ್ಲ ಬರಲ್ಲ.”

ಸಿಂಧು ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವತ್ತಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಅಡುಗೆಗೆ ನಿಂತರೆ ಅರ್ಧಕ್ಕೇ ಬಿಟ್ಟು ಕಂಪ್ಯೂಟರ್ ಹಾಕಿ ನೋಡುತ್ತೇನೆ, ಆ ಪ್ರೊಫೈಲ್ ಹೋಯಿತಾ ಅಂತ. ಹೋಗಿಲ್ಲ. ಮದುವೆಮನೆಯ ಫೋಟೋದಲ್ಲಿ ನಮ್ಮ ಹುಡುಗಿ ನಗುತ್ತಲೇ ಇದ್ದಾಳೆ.

ಸರ್ಕಾರ ಎಲ್ಲ ಇಲಾಖೆಗಳನ್ನೂ ಒಂದೇ ಮೇಜಿಗೆ ತರುತ್ತಿರುವುದು ಒಳ್ಳೆಯದೇ. ಬೇಗ ತರಲಿ. ಸಿಮ್ಮಿಗೊಂದು ಠಾಣೆ, ಮನೆಗೊಂದು ಠಾಣೆ ಅಂತ ಅಲೆದು ಬಂದವಳು ನಾನು, ಅದರ ಅಗತ್ಯ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಾನೂನನ್ನೂ ತಿದ್ದುತ್ತಾರಂತೆ, ಕೆಳಗಿನ ಅಧಿಕಾರಿಗಳೂ ತನಿಖೆ ಮಾಡಬಹುದಂತೆ. ಆದರೆ ದೂರು ಕೊಡಲು ಬಂದವಳಿಗೆ ‘ಮನೆಯಲ್ಲಿರಮ್ಮ’ ಅನ್ನುವ ನಾಲಿಗೆಯನ್ನು ಯಾವ ತಿದ್ದುಪಡಿ ತಿದ್ದುತ್ತದೆ?

ನಿನ್ನೆ ಅಕ್ಕನ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಸಿಂಧುವೇ ಎತ್ತಿದಳು. ಆಫೀಸಿನ ಹೊತ್ತು ಅದು.

“ಚಿಕ್ಕಮ್ಮ, ಆ ಫೇಕ್ ಸಿಂಧು ಇನ್ನೂ ಆನ್‌ಲೈನ್ ಇದ್ದಾಳೆ. ಉಸ್‌ಕೋ ಕೋಯಿ ಕುಛ್ ನಹೀಂ ಬೋಲ್ತಾ, ಅವಳಿಗೆ ಯಾರೂ ಏನೂ ಅನ್ನಲ್ಲ. ಮನೇಲಿ ಕೂತಿರೋದು ನಾನು,” ಎಂದಳು. ರಾಜೀನಾಮೆ ಕಳಿಸಬೇಡ, ತಡಿ ಅಂದೆ. ಇನ್ನೂ ಕಳಿಸಿಲ್ಲ ಅಂದಳು.

ಸಂಜೆ ಭಾವನೇ ಫೋನ್ ಮಾಡಿದರು. ಮುಂದಿನ ವಾರ ಮತ್ತೆ ಕಮಿಟಿ ಮೀಟಿಂಗ್ ಅಂತೆ. ಇನ್ನೂ ಎರಡು ಇಲಾಖೆ ಸೇರಿಕೊಂಡಿವೆಯಂತೆ. ಹಾಲ್ ಚಿಕ್ಕದು, ಕುರ್ಚಿ ಸಾಲುತ್ತಿಲ್ಲ, ಯಾರನ್ನು ಎಲ್ಲಿ ಕೂರಿಸೋದೋ ತಲೆ ಕೆಟ್ಟು ಹೋಗಿದೆ ಅಂತ ನನ್ನ ಹತ್ತಿರ ಗೋಳು ಹೇಳಿಕೊಂಡರು.

ಟವೆಲ್ ಬೇಡ ಭಾವ, ಸಿಂಧುವಿಗೆ ಅಲ್ಲೊಂದು ಬರೀ ಕುರ್ಚಿ ಹಾಕಿಸೋಕೆ ಯಾವ ಇಲಾಖೆಯ ಒಪ್ಪಿಗೆ ಬೇಕು?