ಕೆಂಪಿಯ ಮರಿ

ಕೆಂಪಿಯ ಮರಿಯನ್ನು ಕೊಂದದ್ದು ಕೆಂಪಿಯಲ್ಲ, ನಾನು. ಈ ಒಂದು ಮಾತನ್ನು ಇಷ್ಟು ವರ್ಷ ನುಂಗಿಕೊಂಡು ಬದುಕಿದೆ. ಅದರ ಬೆಲೆಯನ್ನು ತೆತ್ತವಳು ನನ್ನ ಅಕ್ಕ.

ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ. ನಾನು ತದಡಿಯ ಬಂದರಿನಲ್ಲಿ ದೋಣಿಯಿಂದ ಮೀನಿನ ಬುಟ್ಟಿ ಇಳಿಸುತ್ತಿದ್ದೆ. ಅಕ್ಕ ಮಾದೇವಿಯನ್ನು ಕತಗಾಲ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳ ಚೊಚ್ಚಲ ಮಗು, ಹೆಸರಿಡುವ ಮೊದಲೇ, ಅವಳ ಮಗ್ಗುಲಲ್ಲೇ ತೀರಿಹೋಯಿತು. ಮೈ ಸುಡುತ್ತಿತ್ತು, ಜ್ವರ ಬಂದಿತ್ತು ಎಂದು ಅಕ್ಕ ಅಂದಳು. ನಿದ್ದೆಯಲ್ಲಿ ಮೈಮೇಲೆ ಹೊರಳಿ ಕೊಂದಳು ಎಂದು ಅವಳ ಅತ್ತೆ ಊರಿಗೆಲ್ಲ ಸಾರಿದಳು. ಭಾವ ಅವಳನ್ನು ನಮ್ಮ ಮನೆಗೆ ತಂದು ಬಿಟ್ಟ. "ಆಯಿಯ ಸಿಟ್ಟು ಇಳೀಲಿ, ಬಂದು ಕರ್ಕಂಡು ಹೋಗ್ತೆ" ಎಂದಿದ್ದ. ಭಾವ ಒಳ್ಳೆಯವನೇ — ಅಕ್ಕ ಆ ಮಾತು ನಂಬಿಕೊಂಡು ಕಾಯುತ್ತಿದ್ದಳು.

ಕಾಯುವಾಗ ಅವಳಿಗೆ ಜೊತೆಯಾಗಿದ್ದುದು ಕೆಂಪಿ ಎಂಬ ಆಡು. ಅದಕ್ಕೂ ಅದು ಚೊಚ್ಚಲ. ಮರಿ ಹಾಕಿತು, ನೆಕ್ಕಿತು, ಆದರೆ ಮರಿ ಕೆಚ್ಚಲಿಗೆ ಬಾಯಿ ಹಚ್ಚಿದರೆ ಸಾಕು — ಹಾರಿ ಒದೆಯುತ್ತಿತ್ತು. ಕೆಚ್ಚಲು ಬಿಗಿದು ಕಲ್ಲಾಗಿತ್ತು, ಮುಟ್ಟಿದರೆ ನೋವು. ಅಕ್ಕ ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಬಿಸಿನೀರಿನ ಬಟ್ಟೆಯಿಂದ ಕೆಚ್ಚಲು ಒರೆಸಿ, ಮೊಲೆಯಿಂದ ನಾಲ್ಕು ಹನಿ ಗಿಣ್ಣು ಹಿಂಡಿ ಮರಿಯ ತುಟಿಗೆ ಸವರಿ, ಬೆರಳು ಚೀಪಿಸುತ್ತ ಚೀಪಿಸುತ್ತ ಮೊಲೆಯನ್ನು ಬಾಯಿಗೆ ಕೊಡುತ್ತಿದ್ದಳು. "ಹೆದ್ರಬೇಡ, ಹೆದ್ರಬೇಡ, ನಿಂದೇ ಮರಿ" ಎಂದು ಅದರ ಕಿವಿಯಲ್ಲಿ ಹೇಳುತ್ತಿದ್ದಳು. ಆ ದನಿ ಕೇಳಲಾರದೆ ನಮ್ಮ ಅಬ್ಬೆ ಒಳಗೆ ಹೋಗಿ ಕೂರುತ್ತಿದ್ದಳು.

ಆ ದಿನ ಬಂದರಿನಲ್ಲಿ ನನ್ನ ಕೈಯಿಂದ ಬುಟ್ಟಿ ಜಾರಿತು. ದೋಣಿಯ ಧಣಿ ಎಲ್ಲರೆದುರು ನನ್ನ ಕೆನ್ನೆಗೆ ಹೊಡೆದ, ಬಿದ್ದವನನ್ನು ಕಾಲಿನಿಂದ ಒದ್ದ. ಎದ್ದು ತಿರುಗಿ ಹೊಡೆಯುವ ಧೈರ್ಯ ನನಗಿರಲಿಲ್ಲ. ತುಟಿ ಒಡೆದುಕೊಂಡು ಮನೆಗೆ ಬಂದೆ. ಕೊಟ್ಟಿಗೆಯಲ್ಲಿ ಮರಿ ಒಂದೇ ಸಮನೆ ಅರಚುತ್ತಿತ್ತು.

"ನಾ ಹಲಸಿನ ಸೊಪ್ಪು ಕೊಯ್ಕಂಡು ಬತ್ತೆ" ಎಂದಳು ಅಕ್ಕ. "ಅಷ್ಟೊತ್ತಿಗೆ ಮರಿನ ಒಂದ್ಸಲ ಕೆಚ್ಚಲಿಗೆ ಹಿಡಿ. ಒದ್ರೆ ಬಿಟ್ಬಿಡು. ಹೊಡಿಬೇಡ, ಆತಾ?"

ಹಿಡಿದೆ. ಕೆಂಪಿ ಒದೆಯಿತು. ಮತ್ತೆ ಹಿಡಿದೆ — ಅದರ ಗೊರಸು ಬಂದು ನನ್ನ ಒಡೆದ ತುಟಿಗೇ ಬಡಿಯಿತು. ಮುಂದೆ ನಾನು ಮಾಡಿದ್ದನ್ನು "ಸಿಟ್ಟು" ಎಂದು ಕರೆದರೆ ಅದು ನನಗೆ ನಾನೇ ಮಾಡಿಕೊಳ್ಳುವ ಉಪಕಾರವಾದೀತು. ಮೂಲೆಯಲ್ಲಿದ್ದ ಸೌದೆಯ ಕೊರಡು ತೆಗೆದುಕೊಂಡೆ. ಬೆನ್ನಿಗೆ ಹೊಡೆದೆ, ಕಾಲಿಗೆ ಹೊಡೆದೆ. ಕಟ್ಟಿದ ಹಗ್ಗದಲ್ಲಿ ಅದು ಸುತ್ತಿ ಸುತ್ತಿ ಬಿತ್ತು. ಹೊಡೆದಷ್ಟೂ ಹಾಯೆನಿಸುತ್ತಿತ್ತು — ಇದನ್ನೂ ಹೇಳಿಬಿಡಬೇಕು — ಹಾಯೆನಿಸುತ್ತಿತ್ತು. ಮರಿ ತಾಯಿಯ ಹೊಟ್ಟೆಯಡಿಗೆ ಓಡಿ ಬಂತು. ಎತ್ತಿದ ಕೈ ನಿಲ್ಲಿಸಬಹುದಿತ್ತು. ನಾನು ಕಂಡಿದ್ದೆ. ನಿಲ್ಲಿಸಲಿಲ್ಲ.

ಏಟು ಮರಿಯ ತಲೆಯ ಮೇಲೆ ಬಿತ್ತು. ಮೂಗಿನಿಂದ ರಕ್ತ ಬಂತು, ಕಾಲು ಎಳೆಯಿತು, ಅಷ್ಟೇ.

ಅಂಗಳದಲ್ಲಿ ಹೆಜ್ಜೆ ಕೇಳಿದಾಗ ಕೊರಡನ್ನು ಮೂಲೆಗೆ ಎಸೆದೆ. ಅಕ್ಕ ಸೊಪ್ಪಿನ ಹೊರೆ ಹೊತ್ತು ಬಾಗಿಲಲ್ಲಿ ನಿಂತಳು.

"ಎಂತ ಆತು?"

"ಒದ್ದು ಕೊಂದ್ತು" ಎಂದೆ.

ಅಕ್ಕ ನನ್ನ ಮುಖ ನೋಡಿದಳು. "ನನ್ನ ಕೆಂಪಿಯಾ? ಅದು ಹಂಗೆ ಮಾಡೂದಿಲ್ಲ." ನಾನು ರಕ್ತ ಒಸರುವ ತುಟಿ ತೋರಿಸಿದೆ. "ನಂಗೂ ಒದೀತು. ಕಣ್ಣಾರೆ ಕಂಡೆ."

ಆಗ ಅಕ್ಕನಿಂದ ಒಂದು ಕೂಗು ಹೊರಟಿತು — ತನ್ನ ಮಗು ಸತ್ತಾಗಲೂ ಅವಳು ಹಾಗೆ ಕೂಗಿರಲಿಲ್ಲವೆಂದು ಅಬ್ಬೆ ಆಮೇಲೆ ಹೇಳಿದಳು. ಅವಳು ಅದೇ ಕೊರಡು ಎತ್ತಿಕೊಂಡಳು. ಕೆಂಪಿ ಕುಂಟುತ್ತ ಬಗ್ಗಿ ಸತ್ತ ಮರಿಯನ್ನು ನೆಕ್ಕುತ್ತಿತ್ತು, ಕೆಚ್ಚಲಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಅಕ್ಕ ಅದರ ಮೋರೆಗೆ ಹೊಡೆದಳು. "ಹೆತ್ತು ಕೊಲ್ತ್ಯಾ? ಹೆತ್ತು ಕೊಲ್ತ್ಯಾ?" ಒಂದು ಕೊಂಬು ಮುರಿಯಿತು. ಯಾರಿಗೂ ಕೈಯೆತ್ತದ ನನ್ನ ಅಕ್ಕ! ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಬಿಟ್ಟಿದ್ದರೆ ಸಾಕಿತ್ತು.

ಮರಿಯನ್ನು ಕೊಂದ ಆಡು ಮನೆಯಲ್ಲಿರಬಾರದೆಂದು ಅಬ್ಬೆ ಅದನ್ನು ಕಟುಕನಿಗೆ ಕೊಟ್ಟಳು. ಸುದ್ದಿ ಬಸ್ಸು ಹತ್ತಿ ಕತಗಾಲಕ್ಕೆ ಹೋಯಿತು. "ಮಾದೇವಿ ಸಾಕಿದ ಆಡೂ ಅವಳ ಹಂಗೇ" ಎಂದಳಂತೆ ಅಕ್ಕನ ಅತ್ತೆ. ಭಾವ ಬರಲಿಲ್ಲ. ಮುಂದಿನ ವರ್ಷ ಅವನಿಗೆ ಬೇರೆ ಮದುವೆಯಾಯಿತು.

ನನಗೂ ಮದುವೆಯಾಗಿ ಮಗ ಹುಟ್ಟಿದ. ಅಕ್ಕ ಎತ್ತಿಕೊಳ್ಳಲು ಕೈ ಚಾಚಿದಾಗ ನನ್ನ ಹೆಂಡತಿಯ ತಾಯಿ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಅಕ್ಕ ಚಾಚಿದ ಕೈಯಿಂದಲೇ ತೊಟ್ಟಿಲಿನ ಬಟ್ಟೆ ಸರಿಮಾಡಿ ಹೊರಗೆ ಹೋದಳು. ಆಮೇಲೆ ಅವಳು ಯಾರ ಮಗುವನ್ನೂ ಮುಟ್ಟಲಿಲ್ಲ. ಅಂದೂ ನಾನು ಸುಮ್ಮನಿದ್ದೆ.

ಅಕ್ಕ, ಇದೆಲ್ಲವನ್ನೂ ನಿನ್ನೆ ಮಧ್ಯಾಹ್ನ ನಿನ್ನೆದುರು ಹೇಳಿದೆ. ನೀನು ತಡೆಯದೆ ಕೇಳಿದೆ. ಆಮೇಲೆ ಎದ್ದು ಬಂದು ನನ್ನ ಮುಖಕ್ಕೆ ಹೊಡೆದೆ — ಕೈ ಸೋಲುವವರೆಗೆ ಹೊಡೆದೆ. ಈ ವಯಸ್ಸಿನಲ್ಲಿ ನಿನ್ನ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. ನಾನು ಮುಖ ತಿರುಗಿಸಲಿಲ್ಲ. ನೀನು ನಿನ್ನ ಬಾಳಿನ ಬಗ್ಗೆ ಕೇಳುತ್ತೀಯ ಎಂದುಕೊಂಡಿದ್ದೆ. ನೀನು ಅಂದದ್ದು ಬೇರೆಯೇ: "ಅದು ಮರಿನ ನೆಕ್ತಾ ಇತ್ತು. ನಾ ಅದ್ರ ಮೋರೆಗೆ ಹೊಡ್ದೆ."

ಕ್ಷಮೆ ಕೇಳಲಿಲ್ಲ — ಕೇಳುವ ಹಕ್ಕು ಎಲ್ಲಿದೆ?

ಸಂಜೆ ನೀನು ಬಾಗಿಲಿಗೆ ಬಂದು ಹೇಳಿದೆ: "ಕತಗಾಲದಾಗೆ ಅವ್ರ ಮನಿಯವ್ರು ಇನ್ನೂ ಇದ್ದಾರೆ. ಅಲ್ಲಿ ಹೋಗಿ ಹೇಳು. ನಾನೂ ಬತ್ತೆ. ನೀ ಹೇಳೂದನ್ನ ಅವ್ರೆದುರಿಗೆ ಕೂತ್ಕಂಡು ಕೇಳ್ಬೇಕು ನಂಗೆ."

ಆತು ಅಕ್ಕ. ನಾಳೆ ಬೆಳಗಿನ ಬಸ್ಸಿಗೇ ಹೋಗೋಣ.