ಮಠದ ಕಂಪ್ಯೂಟರಿನಲ್ಲಿ ಬಾರದ ಅಕ್ಷರ

ಆಳಂದದ ಗಂಡ ಹೊಡೆಯುತ್ತಾನೆಂದು ನನ್ನ ಮಗಳು ಅಫಜಲಪುರಕ್ಕೆ, ತವರಿಗೆ ಬಂದುಬಿಟ್ಟಿದ್ದಳು. ಇಲ್ಲಿ ಕಂಪ್ಯೂಟರ್ ಅಂಗಡಿಯಲ್ಲಿ ಟೈಪು ಮಾಡುವ ಕೆಲಸ ಸಿಕ್ಕಿತು. ಕೆಲಸ ಇರುವತನಕ ಇರಲಿ, ಹೋದ ದಿನ ಆಳಂದಕ್ಕೆ ಬಿಟ್ಟು ಬರುತ್ತೇನೆ ಎಂದು ನನ್ನ ಗಂಡ ಹೇಳಿದ್ದ. ಅವನು ಹೇಳಿದ್ದನ್ನು ಮಾಡುವ ಮನುಷ್ಯ.

ಜೇವರ್ಗಿ ಕಡೆಯ ಒಂದು ಮಠದವರು ವಚನಗಳನ್ನು ಅವಳ ಕೈಲಿ ಟೈಪು ಮಾಡಿಸಿದ್ದರು. ಆಮೇಲೆ ಅವನ್ನೇ ಇಂಟರ್ನೆಟ್ಟಿಗೆ ಹಾಕಬೇಕು, ವೆಬ್ ಪುಟ ಮಾಡಿಕೊಡು ಎಂದರು. ಅದೇನೆಂದು ನನಗೆ ಆಗ ಗೊತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೇ. ಅಂಗಡಿಯಲ್ಲಿ ಮಾಡಿ ನೋಡಿದಾಗ ಚೆಂದ ಬಂತಂತೆ. ಮಠಕ್ಕೆ ಹೊಸ ಕಂಪ್ಯೂಟರ್ ಬಂದಿತ್ತು, ಅದರ ಪೂಜೆಯ ದಿನವೇ ವಚನ ತೆರೆದು ತೋರಿಸಬೇಕಿತ್ತು. ಒಂದು ದಿನ ಮೊದಲೇ ಹೋಗಿ ಅದರಲ್ಲೂ ತೆರೆದು ನೋಡುತ್ತೇನೆ ಎಂದು ಕೇಳಿದಳು. ಪೂಜೆಯಾಗದೆ ಹೊಸ ಯಂತ್ರ ಮುಟ್ಟಬಾರದು ಎಂದರು.

ಪೂಜೆಯ ದಿನ ಅವಳೊಬ್ಬಳನ್ನೇ ಕಳಿಸಲು ಹೆದರಿ ನಾನೂ ಬಸ್ಸು ಹತ್ತಿದೆ. ಕಂಪ್ಯೂಟರಿಗೆ ವಿಭೂತಿ ಬಳಿದು, ಹೂವಿನ ಸರ ಹಾಕಿ, ಊದುಬತ್ತಿ ಹಚ್ಚಿದ್ದರು. ಜನ ಕೈಮುಗಿದು ನಿಂತಿದ್ದರು. ಮಗಳು ಫ್ಲಾಪಿ ಹಾಕಿ ತೆರೆದಳು.

ಕನ್ನಡವೇ ಇಲ್ಲ. ರಾತ್ರಿ ಶಾಲೆಯಲ್ಲಿ ಕಲಿತ ನಾಲ್ಕಕ್ಷರದಲ್ಲಿ ನನಗೂ ಅಷ್ಟು ತಿಳಿಯಿತು. ಇಂಗ್ಲಿಷು, ಕೊಕ್ಕೆ, ಚುಕ್ಕೆ, ತಾಯತದೊಳಗಿನ ಚೀಟಿಯ ಹಾಗೆ.

“ಏನ್ ಬೇ ಇದು? ಶರಣರ ಮಾತಿಗಿ ಮಾಟ ಮಾಡಿಸ್ಕೊಂಡ್ ಬಂದಿಯೇನ?” ಎಂದರು ಮಠದ ಕಾರಭಾರ ನೋಡುವ ಗೌಡರು.

“ಇಲ್ರಿ ಗೌಡ್ರ, ಇದ್ರಾಗ ನಮ್ಮ ಫಾಂಟ್ ಇಲ್ರಿ. ಅಂಗಡ್ಯಾಗಿನ ಕನ್ನಡ ಅಕ್ಷರ ತಂದು ಇದಕ್ಕ ತುಂಬಿದ್ರ ಬರ್ತಾವ್ರಿ.”

“ಅಕ್ಷರ ಬಿಟ್ಟ ಬಂದೀ? ತಲಿ ಮರೀದೆ ತಂದಿಯಲ್ಲ, ಪುಣ್ಯಾ! ತಡಿ, ನಿಮ್ಮ ಮಾಲಕಗ ಫೋನ್ ಹಚ್ತೇನಿ.”

ಜನ ನಕ್ಕರು. ಫೋನ್ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಆಳಂದ.

“ಸಂಜಿತನಕ ಟೈಮ್ ಕೊಡ್ರಿ ಎಪ್ಪಾ,” ಎಂದೆ. “ಅಕಿ ಹೋಗಿ ತರ್ತಾಳ. ನಾ ಇಲ್ಲೇ ಕೂಡ್ತೇನಿ.”

“ನಿನ್ನ ಇಟಗೊಂಡು ಏನ್ ಮಾಡ್ಲಿ ಬೇ ಮುದುಕಿ?”

“ಕಸಾ ಹೊಡೀತೇನಿ.”

ಸಂಜೆಯತನಕ ಎಂದು ಗೌಡರು ಒಪ್ಪಿದರು. ಅವಳು ಹೋದಳು. ನಾನು ಅಂಗಳ ಗುಡಿಸಿದೆ, ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಅವಳ ಗಂಡ ಕಂಡರೆ? ಜಡೆ ಹಿಡಿದು ಎಳೆದೊಯ್ದರೆ ಬಿಡಿಸುವವರಾರು? ಗಂಡ ಹೆಂಡತಿ ಜಗಳವೆಂದು ಜನ ನಿಂತು ನೋಡುತ್ತಾರೆ. ಪ್ರಸಾದಕ್ಕೆ ಕರೆದರು. ರೊಟ್ಟಿಯನ್ನು ಮಗಳಿಗೆಂದು ಸೆರಗಿನಲ್ಲಿ ಕಟ್ಟಿಟ್ಟೆ. ಬಸ್ಸಿನ ಸದ್ದಾದಾಗಲೆಲ್ಲ ಎದ್ದು ರಸ್ತೆ ನೋಡಿದೆ.

ಹೊತ್ತು ಇಳಿಯುವಾಗ ಬಂದಳು. ಇನ್ನೊಂದು ಫ್ಲಾಪಿ ಹಾಕಿ ಏನೇನೋ ಒತ್ತಿ, ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಳು. ಕನ್ನಡ ಬಂತು. ಗೌಡರು ಒಂದು ವಚನ ಪೂರಾ ಓದಿ ಕೇಳಿದರು:

“ಬ್ಯಾರೆ ಮಂದಿ ಕಂಪ್ಯೂಟರ್‌ದಾಗೂ ಹಿಂಗ ಕೆಡ್ತಾವೇನು?”

“ಹೌದ್ರಿ. ಒಂದೊಂದು ಪುಟಾನೂ ಚಿತ್ರ ಮಾಡಿ ಹಾಕಿದ್ರ ಎಲ್ಲಿ ತೆಗದ್ರೂ ಕಾಣ್ತಾವ್ರಿ. ಭಾಳ ಕೆಲಸ ಆಗ್ತದ್ರಿ.”

ಗೌಡರು ಫೋನ್ ಎತ್ತಿದರು. ನಾನು ಹೋಗಿ ಮಗಳ ಪಕ್ಕ ನಿಂತೆ.

“ಮಾಲಕರೇನ್ರಿ? ನಮ್ಮ ಕೆಲಸ ಮುಗಿಯೂತನಕ ಈ ಹುಡುಗಿನ್ನ ಬಿಡಿಸಬ್ಯಾಡ್ರಿ.”

ತಿರುಗಿ ಬರುವ ಬಸ್ಸಿನಲ್ಲಿ, ಎಷ್ಟು ಪುಟ ಇವೆ ಎಂದು ಕೇಳಿದೆ.

“ಭಾಳ ಅದಾವ ಯವ್ವಾ.”

“ಸಾವಕಾಶ ಮಾಡು,” ಎಂದೆ.